ಎಡಗಡೆಯ ಲೆನ್ಸು

ಆಗಸ್ಟ್ 18, 2024, ಭಾನುವಾರ

ಎದ್ದ ತಕ್ಷಣ ಮೂರೂ ಕ್ಯಾಮೆರಾಗಳ ಶಟರ್ ಒಂದೊಂದು ಸಲ ಒತ್ತಿದೆ. ವಾರಕ್ಕೊಮ್ಮೆ ಒತ್ತದಿದ್ದರೆ ಸ್ಪ್ರಿಂಗು ಜಡ್ಡುಗಟ್ಟುತ್ತದೆ. ವೆರಾಸ್ಕೋಪು ಎರಡೂ ಸರಿ. ಗೋಮೋಂ ಕಂಪನಿಯದು ಮಾತ್ರ ತೆರೆದ ಬಾಯಿ ಮುಚ್ಚಲಿಲ್ಲ. ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿದೆ, ಆಮೇಲೆ ಮುಚ್ಚಿತು. ನೂರು ವರ್ಷ ದಾಟಿದ ಫ್ರಾನ್ಸಿನ ಯಂತ್ರ. ನಮ್ಮ ಹಗರಿಬೊಮ್ಮನಹಳ್ಳಿಯ ಮೋಡದ ಹವಾ ಅದಕ್ಕೂ ಆಗಿಬರುವುದಿಲ್ಲ.

ಸ್ನಾನ, ಪೂಜೆ, ಉಪ್ಪಿಟ್ಟು. ಹರಪನಹಳ್ಳಿ ಬಸ್ಸು. ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ಇಳಿದು ಮಿರ್ಚಿ ಕಟ್ಟಿಸಿಕೊಂಡೆ. ಪಾಲಾಕ್ಷಪ್ಪ ಮೇಷ್ಟ್ರಿಗೆ ಕೊಟ್ಟೂರು ಮಿರ್ಚಿ ಅಂದರೆ ಪ್ರಾಣ. ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ಒಬ್ಬರೇ ಇದ್ದಾರೆ, ಅಡುಗೆ ಅಂದರೆ ಅನ್ನ ಮತ್ತು ನಿನ್ನೆಯ ಸಾರು.

ಬಾಗಿಲಲ್ಲೇ ನಿಂತಿದ್ದರು. "ತಡ ಆತಲ್ರಿ ಮೇಡಂ."

"ಬಸ್ಸು ನಾನು ಓಡಸ್ತೀನೇನ್ರಿ?"

ನಕ್ಕರು. ನನ್ನ ಬಾಯಿಗೆ ನಗುವವರು ಈ ಸೀಮೆಯಲ್ಲಿ ಅವರೊಬ್ಬರೇ. ಉಳಿದವರು ಸರಿದು ನಿಲ್ಲುತ್ತಾರೆ.

ಸಂಜೆಯತನಕ ಹಳೆ ಫೋಟೊಗಳ ಗಾಜಿನ ಪ್ಲೇಟು ನೋಡಿದೆವು. ನೋಡುವ ಡಬ್ಬಿ ಒಂದೇ. ಒಬ್ಬರು ಕಣ್ಣಿಟ್ಟಾಗ ಇನ್ನೊಬ್ಬರು ಸುಮ್ಮನೆ ಕೂರಬೇಕು. ಮೇಷ್ಟ್ರು ಸುಮ್ಮನೆ ಕೂರಲು ಬಿಡುವುದಿಲ್ಲ, ನೋಡುತ್ತಾ ನೋಡುತ್ತಾ ಹೇಳುತ್ತಾ ಹೋಗುತ್ತಾರೆ. "ಹಿಂದ ಒಂದು ನಾಯಿ ಐತಿ ನೋಡ್ರಿ... ಬಾಗಿಲ ಸಂದ್ಯಾಗ. ಅದರ ಕಿವಿ ಅಷ್ಟ ಕಾಣತೈತಿ." ಆಮೇಲೆ ನಾನು ಕಣ್ಣಿಟ್ಟು ಆ ನಾಯಿಯನ್ನು ಹುಡುಕುತ್ತೇನೆ. ಯಾವುದೋ ದೇಶದ ಹಳ್ಳಿ, ಯಾರದೋ ಮನೆ, ಎಂದೋ ಸತ್ತ ನಾಯಿ. ಆದರೂ ಕಿವಿ ಅಲ್ಲಾಡೀತು ಅನ್ನುವ ಹಾಗಿತ್ತು.

ಇಷ್ಟೇ. ಇಷ್ಟಕ್ಕೆ ಆರು ದಿನ ಕಾಯುತ್ತೇನೆ ಅಂತ ಬರೆಯಲು ನಾಚಿಕೆ. ಇರಲಿ, ಇದನ್ನು ಓದುವವರು ಯಾರಿದ್ದಾರೆ.

ಆಗಸ್ಟ್ 21, ಬುಧವಾರ

ಆಸ್ಪತ್ರೆಯಲ್ಲಿ ನನ್ನ ಎಕ್ಸ್‌ರೇ ರೂಮಿನ ಮುಂದೆ ಸಾಲು. ಎಲ್ಲ ಬೈಕಿನಿಂದ ಬಿದ್ದವರೇ.

ಊಟದ ಹೊತ್ತಿಗೆ ವಾರ್ಡಿನ ಹುಲುಗಣ್ಣ ಬಂದು ನನ್ನ ಮೊಬೈಲಿನಲ್ಲಿ ಇಣುಕಿದ. ಮೈಸೂರಿನ ಒಬ್ಬರು ಒಂದು ಸ್ಟೀರಿಯೊ ಕ್ಯಾಮೆರಾದ ಫೋಟೊ ಕಳಿಸಿ ರೇಟು ಕೇಳಿದ್ದರು.

"ಅಕ್ಕಾರ, ಎರಡು ಕಣ್ಣಿನ ಡಬ್ಬಿ. ಇದಕ್ಯಾಕ ಎರಡು ಕಣ್ಣು?"

"ನಿನಗ್ಯಾಕ ಎರಡು?"

"ದೇವರು ಕೊಟ್ಟಾನ."

"ಒಂದು ಮುಚ್ಚಿ ಸೂಜಿಗೆ ದಾರ ಪೋಣಸು, ಆಮೇಲೆ ಬಾ." ಅಲ್ಲೇ ಡ್ರೆಸ್ಸಿಂಗ್ ಟ್ರೇ ತಂದು ಪೋಣಿಸಲು ಹೋದ. ನಾಲ್ಕು ಸಲ ತಪ್ಪಿತು. ಆಗ ಹೇಳಿದೆ. ಎಡಗಣ್ಣು ಕಂಡದ್ದೊಂದು, ಬಲಗಣ್ಣು ಕಂಡದ್ದೊಂದು, ಎರಡೂ ಕೂಡಿದರೆ ಹತ್ತಿರ ಯಾವುದು ದೂರ ಯಾವುದು ತಿಳಿಯುತ್ತದೆ. ಈ ಕ್ಯಾಮೆರಾ ಒಂದೇ ಗಾಜಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಚಿತ್ರ ತೆಗೆಯುತ್ತದೆ. ಡಬ್ಬಿಯಲ್ಲಿಟ್ಟು ನೋಡಿದರೆ ಒಳಗೆ ಜಾಗ ಇರುತ್ತದೆ, ಕೈ ಹಾಕುವಷ್ಟು ಜಾಗ. ಹುಲುಗಣ್ಣ ತಲೆ ಆಡಿಸಿ, "ಮದಿವಿ ಆಗೋದು ಬಿಟ್ಟು ಇದ್ಯಾವುದರಾಗ ಬಿದ್ರಿ ಅಕ್ಕಾರ" ಅಂದ. ಟ್ರೇ ಎತ್ತಿಕೊಂಡು ನಡಿ ಅಂದೆ.

ಮೈಸೂರಿನವರು ಲೆನ್ಸನ್ನು ಫಳಫಳ ಉಜ್ಜಿ ಫೋಟೊ ತೆಗೆದಿದ್ದಾರೆ. ಸಿಟ್ಟು ಬಂತು. ಬೆಲೆ ಕಟ್ಟುವ ಮುಂಚೆ ಒರೆಸಬಾರದು, ಇದು ಈ ದಂಧೆಯ ಮೊದಲ ಮಾತು. ಧೂಳು, ಎಣ್ಣೆಜಿಡ್ಡು ಏನಿದ್ದರೂ ಹಾಗೇ ಬರಬೇಕು. ಒರೆಸಿದ್ದರೆ ಏನು ಮುಚ್ಚಿಟ್ಟರೋ ಅಂತ ಅನುಮಾನ. ಖಾರವಾಗಿಯೇ ಬರೆದು ಕಳಿಸಿದೆ.

ಆಗಸ್ಟ್ 25, ಭಾನುವಾರ

ಇವತ್ತು ನಕ್ಕು ನಕ್ಕು ಪಕ್ಕೆ ಹಿಡಿಯಿತು.

ಹೋದ ತಿಂಗಳು ಗುಡೇಕೋಟೆ ಗುಡ್ಡಕ್ಕೆ ಹೋಗಿದ್ದೆವಲ್ಲ. ಆಸ್ಪತ್ರೆಗೆ ಡಿಜಿಟಲ್ ಬಂದ ಮೇಲೆ ಯಾರಿಗೂ ಬೇಡವಾದ ಹಳೆ ಎಕ್ಸ್‌ರೇ ಫಿಲ್ಮನ್ನು ಪ್ಲೇಟಿನ ಅಳತೆಗೆ ಕತ್ತರಿಸಿ ಕೊಟ್ಟಿದ್ದೆ. ಮೇಷ್ಟ್ರು ನನ್ನನ್ನು ಬಂಡೆಯ ಮೇಲೆ ಕೂರಿಸಿ ಒಂದು ತೆಗೆದಿದ್ದರು. ಪ್ರಿಂಟು ತಾವೇ ಮಾಡುತ್ತೇನೆ ಅಂತ ಹಟ ಹಿಡಿದರು. ಮಾಡಿದ್ದಾರೆ. ಆದರೆ ಎಡದ ಚಿತ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಅದಲು ಬದಲು ಮಾಡಿ ಕೂರಿಸಬೇಕು, ಅದನ್ನು ಮರೆತಿದ್ದಾರೆ. ಹಾಗಾದರೆ ಹತ್ತಿರದ್ದು ದೂರ ಹೋಗುತ್ತದೆ, ದೂರದ್ದು ಮುಂದೆ ಬರುತ್ತದೆ. ಡಬ್ಬಿಯಲ್ಲಿ ಕಣ್ಣಿಟ್ಟರೆ ಗುಡ್ಡ ಮೂಗಿಗೆ ತಾಗುತ್ತಿದೆ, ನಾನು ಬಂಡೆಯ ಹಿಂದೆ ಯಾವುದೋ ಹೊಂಡದಲ್ಲಿ ಕೂತು ಇಣುಕುತ್ತಿದ್ದೇನೆ.

"ನನ್ನ ಹೂಳಿಬಿಟ್ರಲ್ಲ ಸರ" ಅಂದೆ.

"ಅಯ್ಯ, ಎಷ್ಟು ದೂರ ಕಳಸಿಬಿಟ್ಟೆ ನಿಮ್ಮನ್ನ" ಅಂತ ತಾವೂ ನಕ್ಕರು. ಕತ್ತರಿ ತಂದು, ಎರಡು ತುಂಡು ಮಾಡಿ, ಅದಲು ಬದಲು ಮಾಡಿ ಅಂಟಿಸಿದರು. ಆಗ ಮುಂದೆ ಬಂದೆ. ಸೆರಗು ಗಾಳಿಗೆ ಹಾರುತ್ತಿದೆ. ಮೇಷ್ಟ್ರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಬಸ್ಸಿನಲ್ಲಿ ಬರುವಾಗ ಅದೇ ಯೋಚನೆ. ಐವತ್ತಾರು ವರ್ಷಕ್ಕೆ ಇಂಥದ್ದೆಲ್ಲ ಯೋಚಿಸುವವಳಿಗೆ ಏನನ್ನಬೇಕು. ಮೇಷ್ಟ್ರಿಗೆ ಅಂಥದ್ದೇನೂ ಇಲ್ಲ, ನನಗೆ ಗೊತ್ತು. ಫೋಕಸ್ ನೋಡುತ್ತಿದ್ದರು, ಅಷ್ಟೇ.

ಸೆಪ್ಟೆಂಬರ್ 1, ಭಾನುವಾರ

ಮಿರ್ಚಿ ತಿನ್ನುತ್ತಾ ಹೇಳಿದರು. ಹವಾ ಹೇಗಿದೆ ಅನ್ನುವ ಹಾಗೆ.

"ಗದಗಿಗೆ ಹೋಗಿಬಿಡೋಣಂತ ಮಾಡೀನ್ರಿ ಮೇಡಂ."

ಗದಗಿನಲ್ಲಿ ತಂಗಿ ಗೀತಮ್ಮ ಇದ್ದಾಳೆ. ಅವಳ ಗಂಡನೂ ಹೋದ ವರ್ಷ ತೀರಿಕೊಂಡ. ಬಂದುಬಿಡು ಅಣ್ಣ, ಮೇಲೊಂದು ರೂಮು ಎಬ್ಬಿಸಿಕೋ, ಇಬ್ಬರೂ ಒಬ್ಬರಿಗೊಬ್ಬರು ಆಗುತ್ತೇವೆ ಅಂದಿದ್ದಾಳಂತೆ. "ಗೋಡಿಗೆ ಪೆನ್ಷನ್ ರೊಕ್ಕ ಐತಿ. ಮ್ಯಾಲಿನ ಶೀಟಿಗೆ ಸಾಲಂಗಿಲ್ಲ. ಅದಕ್ಕ..." ಅಂತ ದೇವರ ಜಗಲಿಯ ಕಡೆ ನೋಡಿದರು.

ಜಗಲಿಯ ಮೇಲೆ, ಬಸವಣ್ಣನ ಪಕ್ಕ, ಬೆಲಿಯೆನಿ ಸ್ಟೀರಿಯೊ ಕ್ಯಾಮೆರಾ.

ನನ್ನ ಮೂರನ್ನೂ ಒಂದು ತಕ್ಕಡಿಗೆ ಹಾಕಿದರೂ ಅದರ ತೂಕಕ್ಕೆ ಬರುವುದಿಲ್ಲ. ನ್ಯಾನ್ಸಿ ಅನ್ನುವ ಊರಿನಲ್ಲಿ ಮಾಡಿದ್ದು. ಮೇಷ್ಟ್ರ ಹೆಂಡತಿ ಕೊಟ್ರಮ್ಮನ ತವರಿನದು, ಹಡಗಲಿಯದು. ಅವರ ಮುತ್ತಜ್ಜ ಯಾರೋ ಬಿಳಿಯ ಸರ್ವೆಯವನ ಹತ್ತಿರ ಅಡುಗೆಗೆ ಇದ್ದನಂತೆ, ಅವನು ಬಿಟ್ಟು ಹೋದದ್ದು. ಏನು ಅಂತ ತಿಳಿಯದೆ, ಎರಡು ಕಣ್ಣಿವೆ ಅಂತ ಜಗಲಿಗೆ ಏರಿಸಿದರು. ಮದುವೆಯಾಗಿ ಬರುವಾಗ ಕೊಟ್ರಮ್ಮ ಅದನ್ನೂ ತಂದಳು. ಪ್ರತಿ ಮಾರ್ನವಮಿಗೆ ಎರಡು ಲೆನ್ಸಿಗೂ ಕುಂಕುಮ ಇಟ್ಟು ಆರತಿ.

ನಾನು ಮೇಷ್ಟ್ರಿಗೆ ಪರಿಚಯವಾದದ್ದೂ ಅವಳಿಂದಲೇ. ಎದೆ ಫೋಟೊ ತೆಗೆಸಲು ಬಂದವಳು ನನ್ನ ಟೇಬಲ್ಲಿನ ಮೇಲಿದ್ದ ವೆರಾಸ್ಕೋಪಿನ ಚಿತ್ರ ನೋಡಿ, "ಇಂಥದ್ದು ನಮ್ಮ ಮನ್ಯಾಗೂ ಐತ್ರಿ ಅಕ್ಕಾರ, ಬರ್ರಿ ತೋರಸ್ತೀನಿ" ಅಂದಿದ್ದಳು. ಆ ಎದೆ ಫೋಟೊದಲ್ಲಿ ಏನಿತ್ತು ಅಂತ ನನಗೆ ಆಗಲೇ ಕಂಡಿತ್ತು. ಅವಳು ಹೋಗಿ ಮೂರು ವರ್ಷ.

"ರೇಟು ನೀವೇ ಹೇಳ್ಬೇಕ್ರಿ. ಹುಬ್ಬಳ್ಳಿ ಪ್ರವೀಣಕುಮಾರ್ ಅಂತ, ಹಳೆ ಕ್ಯಾಮೆರಾ ತಗೊಳ್ಳಾವ ಒಬ್ಬ, ಫೋನ್ ಮಾಡಿದ್ದ. ನಿಮ್ಮ ಮಾತಿನ ಮ್ಯಾಲೆ ಕೊಡೋದು ಬಿಡೋದು. ನಿಮ್ಮನ್ನ ಬಿಟ್ರ ಇದು ತಿಳಿದವರು ಯಾರದಾರ್ರಿ ಈ ಕಡೆ?"

ಬರುವ ಭಾನುವಾರ ಲೆನ್ಸು ಪರೀಕ್ಷೆ ಮಾಡಿ ಹೇಳುತ್ತೇನೆ ಅಂದೆ. ಅಲ್ಲಿಯತನಕ ಮುಟ್ಟಬೇಡಿ, ಒರೆಸಬೇಡಿ ಅಂತಲೂ ಅಂದೆ.

ಅವರು ಹೋದರೆ ಭಾನುವಾರ ಏನು ಮಾಡಲಿ.

ಸೆಪ್ಟೆಂಬರ್ 3, ಮಂಗಳವಾರ

ಫ್ರಾನ್ಸಿನ ಹರಾಜುಗಳ ಹಳೆ ರೇಟು ತೆಗೆದು ನೋಡಿದೆ. ಶೀಟು ಹಾಕಿ, ಕಿಟಕಿ ಕೂರಿಸಿ, ಒಂದು ಫ್ಯಾನು ಕೂಡ ಬಂದೀತು.

ಕಣ್ಣು ಉರಿ. ಅನ್ನ ಸೀದು ಹೋಯಿತು.

ಸೆಪ್ಟೆಂಬರ್ 6, ಶುಕ್ರವಾರ

ನಾಳೆ ಚೌತಿ. ಓಣಿಯ ಹುಡುಗರು ಗಣಪತಿ ಪಟ್ಟಿಗೆ ಬಂದರು. ಕೊಟ್ಟೆ. "ಆಂಟಿ ಒಬ್ರ ಅದಾರ, ಮೈಕು ಈ ಕಡೆ ತಿರುಗಸಬ್ಯಾಡ್ರಲೇ" ಅಂತ ಒಬ್ಬ ಇನ್ನೊಬ್ಬನಿಗೆ ಹೇಳಿದ. ತಿರುಗಿಸ್ರಪ್ಪ, ಏನಾದರೂ ಸದ್ದು ಇರಲಿ ಮನೆಯಲ್ಲಿ.

ಅವ್ವ ಇದ್ದಾಗ ಇಷ್ಟು ಆಗುತ್ತಿರಲಿಲ್ಲ. ಬೈಯ್ಯುತ್ತಿದ್ದಳು, ಆದರೂ ಮನೆಯಲ್ಲಿ ಮಾತಿತ್ತು.

ಸೆಪ್ಟೆಂಬರ್ 8, ಭಾನುವಾರ

ಮಾಡಿಬಿಟ್ಟೆ.

ಜಗಲಿಯಿಂದ ಇಳಿಸಿ ಕಿಟಕಿಯ ಹತ್ತಿರ ಇಟ್ಟುಕೊಂಡೆ. ಶಟರ್ ಗಡಿಯಾರದ ಹಾಗೆ ನಡೆಯಿತು. ಹಿಂದಿನ ಪೆಟ್ಟಿಗೆಯಲ್ಲಿ ಪ್ಲೇಟಿನ ತಗಡುಗಳು ಎಲ್ಲ ಇದ್ದವು. ಎರಡೂ ಲೆನ್ಸಿನ ನಂಬರು ಒಂದರ ಪಕ್ಕ ಒಂದು, ಅಕ್ಕ ತಂಗಿ. ಬಲಗಡೆಯ ಲೆನ್ಸು ತಿಳಿ. ಎಡಗಡೆಯದರ ಮೇಲೆ ಮಂಜು. ದೀಪ ಎಡಕ್ಕಿರುತ್ತದೆ, ಎಣ್ಣೆಯ ಹೊಗೆ, ಆ ಹೊಗೆಗೆ ಅಂಟಿ ಕೂತ ವರ್ಷ ವರ್ಷದ ಕುಂಕುಮದ ಪುಡಿ. ಭೂತಗನ್ನಡಿ ಹಾಕಿದೆ. ಜಿಡ್ಡು. ಬರೀ ಜಿಡ್ಡು. ಗಾಜಿಗೆ ಒಂದು ಗೆರೆಯೂ ಇಲ್ಲ.

ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರು. ಡಾಕ್ಟರು ಏನು ಹೇಳುತ್ತಾರೋ ಅಂತ ಎಕ್ಸ್‌ರೇ ಹಿಡಿದು ನಿಲ್ಲುತ್ತಾರಲ್ಲ, ಹಾಗೆ.

"ಏನ್ರಿ?"

"ಎಡಗಡಿ ಲೆನ್ಸು ಹೋಗೈತ್ರಿ ಸರ."

"ಹೋಗೈತಿ ಅಂದ್ರ?"

"ಕುಂಕುಮದಾಗ ಸುಣ್ಣ ಇರ್ತೈತಿ. ಇಷ್ಟು ವರ್ಷ ಹಚ್ಚಿದ್ದಕ್ಕ ಗಾಜು ತಿಂದುಬಿಟ್ಟೈತಿ. ಇದು ಜೋಡಿ ಲೆನ್ಸು. ಒಂದು ಹೋದ್ರ ಇನ್ನೊಂದಕ್ಕೂ ಬೆಲಿ ಇಲ್ಲ. ಇದನ್ನ ಯಾರೂ ಕೇಳಂಗಿಲ್ಲ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ. ಒಂದು ಅರಿವೆ ತೆಗೆದುಕೊಂಡು ಒಮ್ಮೆ ಒರೆಸಿದ್ದರೆ ನನ್ನ ಬಣ್ಣ ಬಯಲು. ಒರೆಸಲಿಲ್ಲ ಅವರು. ಒರೆಸಬೇಡಿ ಅಂತ ನಾನೇ ಹೇಳಿದ್ದೆನಲ್ಲ.

"ಹಂಗಾರ ಶೀಟಿನ ಕತಿ ಮುಗೀತು. ಇಲ್ಲೇ ಇರೋದ" ಅಂದರು. ಟೀ ಮಾಡಿದರು. ಸಕ್ಕರೆ ಹಾಕುವುದನ್ನು ಮರೆತರು.

ಬಸ್ಸಿನಲ್ಲಿ ಕೂತಾಗ ಖುಷಿ ಉಕ್ಕಿ ಬಂತು. ಇಲ್ಲೇ ಇರೋದ, ಇಲ್ಲೇ ಇರೋದ ಅಂತ ಬಾಯಲ್ಲೇ ಅಂದುಕೊಳ್ಳುತ್ತಾ ಬಂದೆ. ಪಕ್ಕದ ಹೆಂಗಸು ನನ್ನನ್ನು ನೋಡಿ ಗಂಟು ಎತ್ತಿ ಆ ಕಡೆ ಇಟ್ಟುಕೊಂಡಳು.

ಸೆಪ್ಟೆಂಬರ್ 9, ಸೋಮವಾರ

ಅಲ್ಲ, ಯಾರಿಗೇನು ನಷ್ಟ? ಕ್ಯಾಮೆರಾ ಅವರ ಜಗಲಿಯಲ್ಲೇ ಇದೆ. ಅವರ ಮನೆಯಲ್ಲೇ ಅವರಿದ್ದಾರೆ. ಗದಗಿಗೆ ಹೋಗಿ ತಂಗಿಯ ಧಾರಾವಾಹಿ ನೋಡುತ್ತಾ ಕೂರುವುದಕ್ಕಿಂತ ಇದೇ ಒಳ್ಳೆಯದು. ಒಂದೆರಡು ವರ್ಷ ಬಿಟ್ಟು ನಿಧಾನಕ್ಕೆ ಹೇಳಿದರಾಯಿತು — ಯಾರೋ ಹೊಸ ಔಷಧ ಕಂಡುಹಿಡಿದಿದ್ದಾರೆ, ಗಾಜು ತಿಳಿಯಾಯಿತು ಅಂತ.

ಎಂಥ ಮಾತು ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 15, ಭಾನುವಾರ

ಹೋದೆ. ಮಿರ್ಚಿ ಮುಟ್ಟಲಿಲ್ಲ. ಹೊಟ್ಟೆ ಸರಿ ಇಲ್ಲ ಅಂದರು.

ಡಬ್ಬಿಯಲ್ಲಿ ಕಣ್ಣಿಟ್ಟರು, ತೆಗೆದರು, ನನ್ನ ಕಡೆ ಸರಿಸಿದರು. ಏನು ಕಂಡಿತು ಅಂತ ಹೇಳಲಿಲ್ಲ. ಒಂದೊಂದೇ ಪ್ಲೇಟು ಹಾಗೇ ಸರಿಯಿತು. ನಾನೇ ಬಾಯಿಬಿಟ್ಟು, "ಈ ಹೆಂಗಸಿನ ಕೈಯಾಗ ಛತ್ರಿ ನೋಡ್ರಿ, ಮಳಿ ಇಲ್ಲ ಬಿಸಿಲಿಲ್ಲ" ಅಂದೆ. "ಹೂಂ" ಅಂದರು.

ಜಗಲಿಯ ಕಡೆ ಬೆನ್ನು ಮಾಡಿ ಕೂತಿದ್ದರು. ಮೊದಲು ಆ ಕಡೆ ಮುಖ ಮಾಡಿ ಕೂರುತ್ತಿದ್ದರು.

ಸೆಪ್ಟೆಂಬರ್ 22, ಭಾನುವಾರ

ಬೆಳಿಗ್ಗೆ ಫೋನು. ತಲೆನೋವು, ಬರಬೇಡಿ ಅಂದರು. ಮಾತ್ರೆ ತಗೊಂಡ್ರಾ ಅಂದೆ. ತಗೊಂಡೆ ಅಂದರು. ಮಾತು ಮುಗಿಯಿತು.

ಸೀರೆ ಮಡಚಿ ಇಟ್ಟೆ.

ಸೆಪ್ಟೆಂಬರ್ 29, ಭಾನುವಾರ

ಇವತ್ತೂ ಬರಬೇಡಿ ಅಂದರು. ಈ ಸಲ ಏನೋ ಮದುವೆ. ಪಿತೃಪಕ್ಷದಲ್ಲಿ ಯಾರ ಮದುವೆ?

ಅಕ್ಟೋಬರ್ 11, ಶುಕ್ರವಾರ, ಆಯುಧ ಪೂಜೆ

ಎಕ್ಸ್‌ರೇ ಮಷೀನಿಗೆ ಪೂಜೆ. ಪ್ರತಿವರ್ಷ ನಾನೇ ಮಾಡುವುದು. ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ, ಹುಲುಗಣ್ಣ ಬೂದುಗುಂಬಳ ಒಡೆದ. "ಅಕ್ಕಾರ, ಮಷೀನಿಗೆ ಕುಂಕುಮ ತುಸು ಜಾಸ್ತಿ ಹಚ್ರಿ, ಹೋದ ತಿಂಗಳು ಎರಡು ಸಲ ಕೆಟ್ಟೈತಿ." ಕುಂಕುಮ ನೆಲಕ್ಕೆ ಬಿತ್ತು.

ಮನೆಗೆ ಬಂದು ಫೋನ್ ಮಾಡಿದೆ.

"ಪೂಜಿ ಆತೇನ್ರಿ ಸರ?"

"ಆತು. ಸೈಕಲ್ಲಿಗೆ ಮಾಡಿದೆ, ಬಣ್ಣದ ಪೆಟಗಿಗೆ ಮಾಡಿದೆ." ಆಮೇಲೆ, "ಅದಕ್ಕ ಹಚ್ಚಲಿಲ್ರಿ ಈ ವರ್ಷ. ಕೈ ಏಳಲಿಲ್ಲ. ಟ್ರಂಕಿನಾಗ ಇಟ್ಟೀನಿ" ಅಂದರು.

ಈಗಲೇ ಹೇಳಿಬಿಡಲೇ ಅನಿಸಿತು. ಸರ, ಗಾಜು ನೆಟ್ಟಗೈತಿ ಅನ್ನಬೇಕು, ಅಷ್ಟೇ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಹೇಳಿದರೆ ಹುಬ್ಬಳ್ಳಿಯವನು ಬರುತ್ತಾನೆ. ಶೀಟು ಏಳುತ್ತದೆ. ಹಬ್ಬದ ಶುಭಾಶಯ ಹೇಳಿ ಇಟ್ಟೆ.

ಒಬ್ಬಳಿಗೆ ಅಂತ ಹೋಳಿಗೆ ಮಾಡಲು ಬೇಸರ. ಅಂಗಡಿಯಿಂದ ತಂದೆ. ಒಣಗಿದ್ದವು.

ಅಕ್ಟೋಬರ್ 20, ಭಾನುವಾರ

ಮೇಷ್ಟ್ರು ನಮ್ಮ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಇದೇ ಮೊದಲು.

ನಾನು ಹಳೆ ನೈಟಿಯಲ್ಲಿದ್ದೆ. ತಲೆಗೆ ಎಣ್ಣೆ. ಬಾಗಿಲು ತೆಗೆದು ಹಾಗೇ ನಿಂತೆ. ಒಳಗೆ ಬಂದು ಕೂತರು. ತೊಡೆಯ ಮೇಲೆ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು. ಬಿಚ್ಚುವ ಮುಂಚೆಯೇ ತಿಳಿಯಿತು.

"ಇದು ನಿಮ್ಮ ಹತ್ರ ಇರ್ಲಿ ಮೇಡಂ."

"ಯಾಕ್ರಿ ಸರ?"

"ನನಗ ನೋಡಾಕ ಆಗವಲ್ದು." ಗಂಟಿನ ಮೇಲೆ ಕೈಯಾಡಿಸುತ್ತಾ ಹೇಳಿದರು. "ಅಕಿ ಹಚ್ಚೋವಾಗ ನಾ ಅಲ್ಲೇ ಕುಂದರ್ತಿದ್ದೆ. ಗಾಜಿಗೆ ಬ್ಯಾಡ, ತುಸು ಮ್ಯಾಲೆ ಹಚ್ಚು ಅಂತ ಒಂದು ಮಾತು ಅಂದಿದ್ರ ಆಗ್ತಿತ್ತು. ಅನ್ನಲಿಲ್ಲ. ಈಗ ಇದನ್ನ ನೋಡಿದಾಗೆಲ್ಲ ಅಕಿ ಏನೋ ಕೆಡಸಿ ಹ್ವಾದಂಗ ಕಾಣತೈತಿ. ಇದ್ದಾಗ ಅಕಿಗೆ ನಾ ಒಂದು ದಿನ ತಪ್ಪು ಹಿಡಿದವಲ್ಲ ರೀ. ಸತ್ತ ಮ್ಯಾಲೆ ಹಿಡಿಯಾಕತ್ತೀನಿ."

ಗಂಟನ್ನು ನನ್ನ ಕಡೆ ಸರಿಸಿದರು.

"ಮತ್ತ ಇನ್ನೊಂದು. ಗದಗಿಗೆ ಹೊಂಟೀನಿ. ರೂಮು ಗೀಮು ಏನೂ ಬ್ಯಾಡ. ಕೆಳಗ ಹಾಲಿನಾಗ ಟೀವಿ ಪಕ್ಕ ಒಂದು ಮಂಚ ಹಾಕ್ಕೊಡ್ತೀನಿ ಅಂದಾಳ ಗೀತಾ. ಸಾಕು. ಆ ಮನ್ಯಾಗ ಇರಾಕ ಆಗಲ್ಲ ನನಗ."

ಹೇಳಬೇಕಿತ್ತು. ಅವರು ಎದುರಿಗಿದ್ದರು, ಗಂಟು ಎದುರಿಗಿತ್ತು, ನೈಟಿಯ ಅಂಚು ಸಾಕಿತ್ತು ಒರೆಸಲು. ನಾನು ಅವಲಕ್ಕಿ ಒಗ್ಗರಣೆ ಹಾಕಲು ಒಳಗೆ ಹೋದೆ. ಒಗ್ಗರಣೆ ಹಾಕುತ್ತಾ ಅತ್ತೆ. ಮೆಣಸಿನಕಾಯಿ ಘಾಟು ಅಂದುಕೊಂಡರು, ಅವರಿಗೂ ಕೆಮ್ಮು ಬಂತು.

ತಿಂದು ಹೋದರು. ಚೆನ್ನಾಗಿದೆ ಅಂದರು.

ಅಕ್ಟೋಬರ್ 21, ಸೋಮವಾರ

ಎಡಗಡೆಯ ಲೆನ್ಸಿನ ಮೇಲೆ ಒಮ್ಮೆ ಉಸಿರು ಬಿಟ್ಟೆ. ಹಳೆ ಪಂಚೆಯ ತುಂಡಿನಿಂದ ಒರೆಸಿದೆ. ಅರಿವೆಯ ಮೇಲೆ ಕೆಂಪು ಹತ್ತಿತು. ಗಾಜು ಬಾವಿಯ ನೀರಿನಷ್ಟು ತಿಳಿ.

ಈ ಸೀಮೆಯಲ್ಲಿ ಯಾರ ಹತ್ತಿರವೂ ಇಲ್ಲದ ಕ್ಯಾಮೆರಾ ನನ್ನ ಟೇಬಲ್ಲಿನ ಮೇಲಿದೆ. ಮೂರು ಹೋಗಿ ನಾಲ್ಕಾಯಿತು. ಬೇರೆ ಯಾವ ವರ್ಷವಾದರೂ ಫೋಟೊ ತೆಗೆದು ಹಳೆ ಕ್ಯಾಮೆರಾದವರ ಗ್ರೂಪಿಗೆಲ್ಲ ಕಳಿಸಿ, ಅವರ ಹೊಟ್ಟೆ ಉರಿಸುತ್ತಿದ್ದೆ. ಇವತ್ತು ಅದರ ಮೇಲೆ ಟವೆಲ್ ಹಾಕಿದೆ. ಎರಡು ಕಣ್ಣು ನೋಡುತ್ತಾ ಕೂತರೆ ಊಟ ಸೇರುವುದಿಲ್ಲ.

ಕೊಟ್ರಮ್ಮ ನನಗೆ ಅಕ್ಕಾರ ಅಂತಿದ್ದಳು. ತಾನಾಗಿ ಕರೆದು ಮನೆಗೆ ಸೇರಿಸಿಕೊಂಡಿದ್ದಳು. ಅವಳ ಕೈಗೆ ಕಳಂಕ ಹಚ್ಚಿದೆ ನಾನು.

ಅಕ್ಟೋಬರ್ 27, ಭಾನುವಾರ

ಕೊಟ್ಟೂರಿನ ತನಕ ಹೋದೆ. ಹೇಳಿಯೇ ಬರುತ್ತೇನೆ ಅಂತ. ಬಸ್ಸು ಹತ್ತು ನಿಮಿಷ ನಿಂತಿತು. ಇಳಿದೆ. ಬಸ್ಸು ಹೋಯಿತು. ವಾಪಸು ಬರುವ ಬಸ್ಸು ಹತ್ತಿದೆ.

ನವೆಂಬರ್ 3, ಭಾನುವಾರ

ಮೇಷ್ಟ್ರ ಫೋನು. ಮನೆ ಖಾಲಿ ಮಾಡಿದರಂತೆ. ಸಾಮಾನು ಟೆಂಪೋದಲ್ಲಿ ಹೋಯಿತು. ಬುಧವಾರ ಹರಿಹರದ ಕಡೆಯಿಂದ ಬರುವ ರೈಲಿಗೆ ಹತ್ತುತ್ತಾರೆ, ಹೊಸಪೇಟೆಯಲ್ಲಿ ಬದಲಿಸುತ್ತಾರೆ.

"ನಿಮ್ಮೂರಾಗ ನಿಲ್ತೈತಲ್ರಿ, ಡ್ಯೂಟಿ ಇಲ್ಲಂದ್ರ ಸ್ಟೇಷನ್ನಿಗೆ ಬರ್ರಿ. ಮಾರಿ ನೋಡಿದಂಗ ಆಕ್ಕೈತಿ."

ಬರುತ್ತೇನೆ ಅಂದೆ.

ನವೆಂಬರ್ 5, ಮಂಗಳವಾರ

ಹೇಳುವುದನ್ನು ಎಕ್ಸ್‌ರೇ ರೂಮಿನಲ್ಲಿ ಗೋಡೆಗೆ ಹೇಳಿ ನೋಡಿದೆ. ನಿಮ್ಮನ್ನ ಬಿಟ್ಟಿರಾಕ ಆಗಲಿಲ್ಲ, ಅದಕ್ಕ ಸುಳ್ಳು ಹೇಳಿದೆ. ಇಷ್ಟೇ ಮಾತು. ಗೋಡೆಗೆ ಹೇಳುವಾಗಲೇ ಮೈ ಬೆವರಿತು. ಹುಲುಗಣ್ಣ ಬಾಗಿಲಲ್ಲಿ, "ಯಾರ ಕೂಡ ಮಾತಾಡಕತ್ತೀರಿ ಅಕ್ಕಾರ, ಒಳಗ ಪೇಷಂಟ್ ಅದಾರೇನು?" ಅಂದ.

"ಅದಾಳ. ಒಬ್ಬಳದಾಳ. ನೀ ನಡಿ."

ನವೆಂಬರ್ 6, ಬುಧವಾರ

ರಜೆ ಹಾಕಿದೆ. ಅದೇ ಇಳಕಲ್ ತುಂಡಿನಲ್ಲಿ ಕಟ್ಟಿಕೊಂಡು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಮೆಕ್ಕೆಜೋಳದ ಚೀಲದ ಮೇಲೆ ಯಾರೋ ಮಲಗಿದ್ದರು. ರೈಲು ಬಂತು. ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಜೋಳಿಗೆ. ನನ್ನನ್ನು ಕಂಡು ಕೈ ಎತ್ತಿ ಕೆಳಗಿಳಿದರು.

ಗಂಟನ್ನು ಅವರ ಕೈಗಿಟ್ಟೆ.

"ಗಾಜು ನೆಟ್ಟಗೈತ್ರಿ ಸರ. ಬರೇ ಎಣ್ಣಿ ಹೊಗಿ. ಒರೆಸಿದೆ, ಹೋತು. ನಾ ಸುಳ್ಳು ಹೇಳಿದೆ. ಪೂರಾ ಬೆಲಿ ಐತಿ ಇದಕ್ಕ, ನಿಮ್ಮ ಶೀಟು, ಕಿಟಕಿ, ಎಲ್ಲಾ ಆಕ್ಕಾವು."

ಒಂದೇ ಉಸಿರಿಗೆ ಅಂದುಬಿಟ್ಟೆ. ಮೇಷ್ಟ್ರು ನನ್ನ ಮುಖ ನೋಡಿದರು. ಅಲ್ಲೇ ಗಂಟು ಬಿಚ್ಚಿದರು, ಬಿಸಿಲಿಗೆ ಹಿಡಿದರು, ಎಡಗಡೆಯ ಲೆನ್ಸಿನಲ್ಲಿ ನೋಡಿದರು, ಬಲಗಡೆಯದರಲ್ಲಿ ನೋಡಿದರು. ಬೆಲೆಯ ಮಾತು ಅವರ ಕಿವಿಗೆ ಬಿದ್ದಿರಲೇ ಇಲ್ಲ.

"ಹಂಗಾರ ಅಕಿ ಏನೂ ಕೆಡಸಿಲ್ಲ?"

"ಏನೂ ಕೆಡಸಿಲ್ರಿ."

"ಏನೂ ಇಲ್ಲ?"

"ಇಲ್ರಿ ಸರ. ಒಂದು ಗೆರಿನೂ ಇಲ್ಲ."

ಅಳು ಬಂತು ಅವರಿಗೆ. ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು, ಜನರ ನಡುವೆ, ಗಂಡಸು ಅತ್ತರು. ಮುಖ ಮಾತ್ರ ನಗುತ್ತಿತ್ತು. ನಾನು ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದೆ. ಮಾರೋದಿಲ್ಲ ಇದನ್ನ, ಮಂಚದ ತಲಿದೆಸಿಗೆ ಇಟ್ಕೊತೀನಿ ಅಂದರು. ನನಗೆ ಹೇಳಿದ್ದಲ್ಲ ಅದು.

ಗಾರ್ಡು ಸೀಟಿ ಊದಿದ. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದರು.

"ಮತ್ತ ಯಾಕ ಹಂಗಂದ್ರಿ ಮೇಡಂ?"

ಗೋಡೆಗೆ ಹೇಳಿದ ಮಾತು ಅಲ್ಲೇ ಇತ್ತು, ಗಂಟಲಲ್ಲಿ. ಅವರು ಕಾಯುತ್ತಿದ್ದರು. ಕಣ್ಣು ಇನ್ನೂ ಒದ್ದೆ. ಆ ಒದ್ದೆ ನನಗಾಗಿ ಅಲ್ಲ.

"ನಾನ ತಗೊಳಾಕ" ಅಂದೆ. "ಕೆಟ್ಟೈತಿ ಅಂದ್ರ ಅಗ್ಗಕ್ಕ ಬರ್ತೈತಿ ಅಂತ."

ಸಿಟ್ಟು ಮಾಡಿಕೊಂಡಿದ್ದರೆ ಸಮಾಧಾನ ಆಗುತ್ತಿತ್ತು. ಮಾಡಿಕೊಳ್ಳಲಿಲ್ಲ. ರೈಲು ಅಲ್ಲಾಡಿತು. ಬಾಗಿಲ ಕಂಬಿ ಹಿಡಿದುಕೊಂಡು, ಚಿಕ್ಕ ಹುಡುಗರಿಗೆ ಹೇಳುವ ಹಾಗೆ ಮೆತ್ತಗೆ ಅಂದರು —

"ಇಷ್ಟಕ್ಕ ಸುಳ್ಳು ಯಾಕ್ರಿ? ಕೇಳಿದ್ರ ಕೊಡ್ತಿದ್ನಲ್ರಿ."

ಹೋಯಿತು ರೈಲು.

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕಳ್ಳಿ ಅನ್ನಿಸಿಕೊಳ್ಳುವುದು ಸುಲಭ ಅನಿಸಿತು. ಇನ್ನೊಂದು ಮಾತು ಹೇಳಿ, ಅವರು ಪಾಪ ಅಂತ ನನ್ನನ್ನು ನೋಡಿದ್ದರೆ ತಡೆದುಕೊಳ್ಳುತ್ತಿರಲಿಲ್ಲ. ಇನ್ನು ಅವರು ಗದಗಿನಲ್ಲಿ ಯಾರಿಗಾದರೂ ನನ್ನ ವಿಷಯ ಹೇಳಿದರೆ ಹೀಗೇ ಹೇಳುತ್ತಾರೆ. ಒಳ್ಳೆಯವಳು, ಆದರೆ ಆಸೆಬುರುಕಿ ಅಂತ. ಅದೂ ಮೆತ್ತಗೇ ಹೇಳುತ್ತಾರೆ.

ಕೇಳಿದ್ರ ಕೊಡ್ತಿದ್ನಲ್ರಿ ಅಂದರು. ಕೇಳಬೇಕಿತ್ತು. ಕ್ಯಾಮೆರಾ ಅಲ್ಲ. ಗದಗಿನ ಸುದ್ದಿ ತೆಗೆದ ದಿನವೇ ಬಾಯಿಬಿಟ್ಟು, ಹೋಗಬ್ಯಾಡ್ರಿ ಸರ, ನನಗ...